ನಿಮಗಿದು ಗೊತ್ತೇ? ಓದು ಬಂದವರಿಗೇ ದೀಕ್ಷೆ ಕೊಟ್ಟ ಉಗಾಂಡದ ಸಭೆ

ಉಗಾಂಡದಲ್ಲಿ ಯಾರಾದರೂ ‘ನಾನು ಪ್ರೊಟೆಸ್ಟೆಂಟ್’ ಎಂದರೆ ಅವರು ಆಂಗ್ಲಿಕನ್ ಸಭೆಯವರು ಎಂದೇ ಜನ ಅರ್ಥ ಮಾಡಿಕೊಳ್ಳುತ್ತಾರೆ. 2014ರ ಜನಗಣತಿಯಲ್ಲಿ ಆ ದೇಶದ ನೂರಕ್ಕೆ 32 ಮಂದಿ ತಮ್ಮನ್ನು ಆಂಗ್ಲಿಕನ್ ಎಂದು ಬರೆಸಿಕೊಂಡರು. ಕ್ಯಾಥೊಲಿಕರು ನೂರಕ್ಕೆ 39 ಇದ್ದರು. ಇಂಗ್ಲಿಷರು ತಂದು ನೆಟ್ಟ ಸಭೆ ಇದು ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ಅರ್ಧ ಸತ್ಯ. ಊರೂರಿಗೆ ನಡೆದು ಅದನ್ನು ಹಬ್ಬಿಸಿದವರು, ಅದಕ್ಕಾಗಿ ಬೆಂಕಿಗೆ ಬಿದ್ದವರು, ಅದರೊಳಗೇ ನಿಂತು ಅದನ್ನು ಪ್ರಶ್ನಿಸಿದವರು ಬಹುಪಾಲು ಆ ನೆಲದವರೇ. ‘ಚರ್ಚ್ ಆಫ್ ಉಗಾಂಡ’ದ ಚರಿತ್ರೆಯ ಕೆಲವು ಸಂಗತಿಗಳು ಇಲ್ಲಿವೆ.

◆ ಈ ಸಭೆ ಶುರುವಾದದ್ದು ಪತ್ರಿಕೆಯಲ್ಲಿ ಬಂದ ಒಂದು ಪತ್ರದಿಂದ. 1875ರ ನವೆಂಬರ್ 15ರಂದು ಲಂಡನ್ನಿನ ‘ಡೇಲಿ ಟೆಲಿಗ್ರಾಫ್’ನಲ್ಲಿ ಅನ್ವೇಷಕ ಎಚ್.ಎಂ. ಸ್ಟ್ಯಾನ್ಲಿಯ ಪತ್ರ ಅಚ್ಚಾಯಿತು. ವಿಕ್ಟೋರಿಯಾ ಸರೋವರದ ದಡದ ಬುಗಾಂಡ ರಾಜ್ಯಕ್ಕೆ ಮಿಷನರಿಗಳು ಬರಲಿ, ಅಲ್ಲಿನ ಕಬಾಕ (ರಾಜನನ್ನು ಅಲ್ಲಿ ಹಾಗೆನ್ನುತ್ತಾರೆ) ಮುತೇಸ ಅವರನ್ನು ಬರಮಾಡಿಕೊಳ್ಳುತ್ತಾನೆ ಎಂಬುದು ಅದರ ತಿರುಳು. ಕೆಲವೇ ದಿನಗಳಲ್ಲಿ ಚರ್ಚ್ ಮಿಷನರಿ ಸೊಸೈಟಿಗೆ ಹೆಸರು ಹೇಳದ ದಾನಿಯೊಬ್ಬರಿಂದ 5,000 ಪೌಂಡು ಬಂತು. 1877ರ ಜೂನ್ 30ರಂದು ಶೆರ್ಗೋಲ್ಡ್ ಸ್ಮಿತ್ ಮತ್ತು ಸಿ.ಟಿ. ವಿಲ್ಸನ್ ಮುತೇಸನ ಆಸ್ಥಾನ ಮುಟ್ಟಿದರು. ಆ ವರ್ಷ ಮುಗಿಯುವುದರೊಳಗೆ ಸ್ಮಿತ್ ಸರೋವರದ ಉಕೆರೆವೆ ದ್ವೀಪದಲ್ಲಿ ಕೊಲೆಯಾದರು.

ಮುತೇಸನಿಗೆ ಬೇಕಾಗಿದ್ದದ್ದು ಧರ್ಮವೊಂದೇ ಅಲ್ಲ. ಉತ್ತರದಿಂದ ಈಜಿಪ್ಟಿನ ಸೇನೆ ಒತ್ತಿಕೊಂಡು ಬರುತ್ತಿತ್ತು, ಅವನಿಗೆ ಬಂದೂಕು ಬೇಕಿತ್ತು, ದೂರದ ಮಿತ್ರರು ಬೇಕಿತ್ತು. ಅವನ ಆಸ್ಥಾನಕ್ಕೆ ಕ್ರೈಸ್ತರಿಗಿಂತ ಮೊದಲೇ ಅರಬ್ ವರ್ತಕರ ಮೂಲಕ ಇಸ್ಲಾಂ ಬಂದಿತ್ತು. ಅವನೇ ವರ್ಷಗಟ್ಟಲೆ ರಂಜಾನ್ ಆಚರಿಸಿದ್ದ. ಆಮೇಲೆ, ಅರಮನೆಯ ಮಾಂಸವನ್ನು ತಿನ್ನಲೊಪ್ಪದ ಮುಸ್ಲಿಂ ತರುಣರನ್ನು ಕೊಲ್ಲಿಸಿದವನೂ ಅವನೇ. ಉಗಾಂಡದ ರಕ್ತಸಾಕ್ಷಿಗಳ ಮಾತು ಬಂದಾಗ ಈ ಮುಸ್ಲಿಂ ತರುಣರನ್ನು ಬಿಟ್ಟು ಹೇಳುವುದು ಅನ್ಯಾಯ.

◆ ಆ ಮೊದಲ ವರ್ಷಗಳಲ್ಲಿ ಬುಗಾಂಡದ ಜನ ಹೆಚ್ಚು ನಂಬಿದ ಬಿಳಿಯ ಮನುಷ್ಯ ಪಾದ್ರಿಯಲ್ಲ, ಎಂಜಿನಿಯರ್. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮಕಾಯ್ 1878ರ ನವೆಂಬರಿನಲ್ಲಿ ಬಂದರು. ಕುಲುಮೆ ಹೂಡಿದರು, ಮರ ಕೊಯ್ದರು, ಮರದಲ್ಲೇ ಅಕ್ಷರದ ಅಚ್ಚು ಕೆತ್ತಿ ಓದುವ ಹಾಳೆ ಮುದ್ರಿಸಿದರು. 1882ರಲ್ಲಿ ರಾಜಮಾತೆ ತೀರಿಕೊಂಡಾಗ ಶವಪೆಟ್ಟಿಗೆ ಮಾಡುವ ಕೆಲಸವೂ ಇವರ ಕೈಗೇ ಬಂತು. ಒಂದರೊಳಗೊಂದು ಕೂರುವ ಮೂರು ಪೆಟ್ಟಿಗೆ, ನಡುವಿನದು ತಾಮ್ರದ್ದು. ಅದೇ ವರ್ಷದ ಮಾರ್ಚ್ 18ರಂದು ಐವರಿಗೆ ಈ ಸಭೆಯ ಮೊದಲ ದೀಕ್ಷಾಸ್ನಾನ ಆಯಿತು.

ಮಕಾಯ್ ಒಮ್ಮೆಯೂ ಊರಿಗೆ ಮರಳಲಿಲ್ಲ. 1890ರ ಫೆಬ್ರವರಿಯಲ್ಲಿ ಸರೋವರದ ದಕ್ಷಿಣ ದಡದ ಉಸಂಬಿರೊದಲ್ಲಿ ಮಲೇರಿಯಾ ಅವರನ್ನು ಕೊಂದಿತು.

◆ ಓದಲು ಬಾರದವರಿಗೆ ದೀಕ್ಷಾಸ್ನಾನ ಇಲ್ಲ! ಬುಗಾಂಡದ ಆಂಗ್ಲಿಕನ್ನರು ಹಾಕಿಕೊಂಡಿದ್ದ ಕಟ್ಟುನಿಟ್ಟು ಇದು. ತೀರಾ ವಯಸ್ಸಾದವರಿಗೆ, ಕಣ್ಣು ಕಾಣದವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಹೊಸ ವಿಶ್ವಾಸಿಗಳನ್ನು ಊರವರು ‘ಓದುವವರು’ ಎಂದೇ ಕರೆದರು. ಅರಮನೆಯ ಊಳಿಗದ ಹುಡುಗರು ರಾತ್ರಿ ಕದ್ದು ಅಕ್ಷರ ಕಲಿತರು, ಕಲಿತವರು ಮತ್ತೊಬ್ಬರಿಗೆ ಕಲಿಸಿದರು. ಪುಸ್ತಕಗಳನ್ನು ಕವಡೆ ಕೊಟ್ಟು ಕೊಂಡರು, ಆಗ ಅಲ್ಲಿ ಕವಡೆಯೇ ನಾಣ್ಯ. ಮಿಷನರಿಗಳು ಊರು ಬಿಟ್ಟು ಓಡಬೇಕಾಗಿ ಬಂದ ತಿಂಗಳುಗಳಲ್ಲೂ ಸಭೆ ಸಾಯದೆ ಉಳಿದದ್ದು ಈ ಓದಿನಿಂದ. ನನ್ನ ಮಟ್ಟಿಗೆ ಇಡೀ ಕಥೆಯ ಬೇರು ಇಲ್ಲಿದೆ.

◆ ಬುಗಾಂಡದ ಲುಗಾಂಡ ಭಾಷೆಯ ಮೊದಮೊದಲ ಸತ್ಯವೇದದ ಆಕಾರ ನೋಡಿದರೆ ವಿಚಿತ್ರ ಅನಿಸುತ್ತದೆ. ಅಗಲ ಕಡಿಮೆ, ದಪ್ಪ ಬಹಳ. ಕಾರಣ ಗೆದ್ದಲು. ಆ ಸೀಮೆಯಲ್ಲಿ ಕಾಗದವನ್ನು ಗೆದ್ದಲು ಉಳಿಸುತ್ತಿರಲಿಲ್ಲ. ಇಂಗ್ಲೆಂಡಿನಿಂದ ಬರುವ ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಸರಿಯಾಗಿ ಕೂರುವಂತೆ ಪುಸ್ತಕದ ಅಳತೆ ಗೊತ್ತುಮಾಡಿ ಅಚ್ಚು ಹಾಕಿಸಿದರು. ಓದಿದ ಮೇಲೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರಾಯಿತು, ಗೆದ್ದಲಿಗೆ ದಾರಿಯಿಲ್ಲ.

ಇಡೀ ಅನುವಾದ 1896ರ ಹೊತ್ತಿಗೆ ಮುಗಿಯಿತು. ಜಾರ್ಜ್ ಪಿಲ್ಕಿಂಗ್ಟನ್ ಹೆಸರು ಎಲ್ಲ ಕಡೆ ಬರುತ್ತದೆ. ಅವರ ಪಕ್ಕದಲ್ಲಿ ಕುಳಿತು ಸಾಲು ಸಾಲಿಗೂ ಭಾಷೆ ತಿದ್ದಿದ ಹೆನ್ರಿ ರೈಟ್ ಡುಟ ಎಂಬ ಗಾಂಡ (ಬುಗಾಂಡದವರನ್ನು ಹಾಗೆನ್ನುತ್ತಾರೆ) ವಿದ್ವಾಂಸರ ಹೆಸರು ಅಷ್ಟಾಗಿ ಬರುವುದಿಲ್ಲ. ಪಿಲ್ಕಿಂಗ್ಟನ್ 1897ರ ಡಿಸೆಂಬರಿನಲ್ಲಿ ಸುಡಾನಿ ಸಿಪಾಯಿಗಳ ದಂಗೆಯಲ್ಲಿ ಗುಂಡಿಗೆ ಬಲಿಯಾದರು. ಆಗ ಅವರಿಗೆ 32 ವರ್ಷ.

◆ ಬಿಷಪ್ ಜೇಮ್ಸ್ ಹ್ಯಾನಿಂಗ್ಟನ್ ಸತ್ತದ್ದು ಅವರು ಹಿಡಿದ ದಾರಿಯಿಂದ. 1884ರಲ್ಲಿ ಮುತೇಸ ತೀರಿಕೊಂಡು ಮಗ ಮ್ವಾಂಗ ಪಟ್ಟಕ್ಕೆ ಬಂದಿದ್ದ, ಇನ್ನೂ ಹದಿಹರೆಯದವ. ಬುಗಾಂಡವನ್ನು ನುಂಗುವವರು ಪೂರ್ವದಿಂದ ಬರುತ್ತಾರೆ ಎಂಬ ನಂಬಿಕೆ ಆ ರಾಜ್ಯದಲ್ಲಿ ಹಳೆಯದು. ಸರೋವರದ ದಕ್ಷಿಣದಿಂದ ಬರುವ ವಾಡಿಕೆಯ ಹಾದಿ ಬಿಟ್ಟು ಹ್ಯಾನಿಂಗ್ಟನ್ ಮಸಾಯ್ ಸೀಮೆ ದಾಟಿ ಪೂರ್ವದಿಂದಲೇ ಬಂದರು. ಜರ್ಮನರು ಕರಾವಳಿಯಲ್ಲಿ ನೆಲ ಹಿಡಿಯುತ್ತಿದ್ದ ಸುದ್ದಿಯೂ ಅದೇ ಹೊತ್ತಿಗೆ ಆಸ್ಥಾನ ಮುಟ್ಟಿತ್ತು. 1885ರ ಅಕ್ಟೋಬರ್ 29ರಂದು ಬುಸೋಗದಲ್ಲಿ ಅವರನ್ನು ಕೊಲ್ಲಲಾಯಿತು. ತಮ್ಮ ಸಭಾಪ್ರಾಂತದ ಮುಖ್ಯ ನೆಲೆಯನ್ನು ಅವರು ಕಣ್ಣಾರೆ ನೋಡಲೇ ಇಲ್ಲ. ಅವರ ನಂತರದ ಬಿಷಪ್ ಹೆನ್ರಿ ಪಾರ್ಕರ್ ಕೂಡ ಬುಗಾಂಡ ಸೇರುವ ಮೊದಲೇ 1888ರಲ್ಲಿ ತೀರಿಕೊಂಡರು.

◆ ಈ ಸಭೆಯ ಮೊದಲ ಮೂವರು ರಕ್ತಸಾಕ್ಷಿಗಳು ಎಳೆಯರು. ಮಾಕೊ ಕಕುಂಬ, ಯೂಸುಫು ಲುಗಾಲಾಮ, ನೂವ ಸೆರ್ವಾಂಗ. 1885ರ ಜನವರಿ 31ರಂದು ಬುಸೇಗದಲ್ಲಿ ಅವರನ್ನು ಸುಟ್ಟರು.

ದೊಡ್ಡ ಸುತ್ತು ಬಂದದ್ದು ಮರುವರ್ಷ. ಅರಮನೆಯ ಊಳಿಗದ ಹುಡುಗರು ರಾಜನ ಮಾತಿಗಿಂತ ಬೇರೊಂದು ಮಾತನ್ನು ದೊಡ್ಡದೆಂದು ನಂಬಿದ್ದು, ಅವನ ಕಾಮಕ್ಕೆ ಒಪ್ಪದೆ ಹೋದದ್ದು, ಹೊರಗಿನವರ ಕೈವಾಡದ ಭಯ, ಎಲ್ಲವೂ ಸೇರಿ ಮ್ವಾಂಗ ಸಿಡಿದ. ಸಿಕ್ಕವರನ್ನು ಕಟ್ಟಿ ಮುನ್ಯೋನ್ಯೊದಿಂದ ನಾಮುಗೊಂಗೊ ಎಂಬ ವಧಾಸ್ಥಾನಕ್ಕೆ ನಡೆಸಿದರು. ಸೌದೆ ಕೂಡಿಹಾಕಲು ದಿನಗಳೇ ಹಿಡಿದವು, ಅಷ್ಟು ದಿನ ಅವರು ಬಂಧನದಲ್ಲಿ ಕಾದರು. 1886ರ ಜೂನ್ 3ರಂದು ಒಬ್ಬೊಬ್ಬರನ್ನೂ ಜೊಂಡಿನ ಚಾಪೆಯಲ್ಲಿ ಸುತ್ತಿ, ಹಗ್ಗ ಬಿಗಿದು ಚಿತೆಯ ಮೇಲಿಟ್ಟರು. ಅವರಲ್ಲಿ ಕ್ಯಾಥೊಲಿಕರೂ ಇದ್ದರು, ಆಂಗ್ಲಿಕನ್ನರೂ ಇದ್ದರು. ಬೆಂಕಿ ಒಂದೇ. ಆ ಎರಡು ವರ್ಷಗಳ ಹಿಂಸೆಯಲ್ಲಿ ಮಡಿದವರಲ್ಲಿ 23 ಆಂಗ್ಲಿಕನ್ನರು ಮತ್ತು 22 ಕ್ಯಾಥೊಲಿಕರನ್ನು ಎರಡು ಸಭೆಗಳು ಹೆಸರಿಟ್ಟು ನೆನೆಯುತ್ತವೆ.

1964ರ ಅಕ್ಟೋಬರ್ 18ರಂದು ಪೋಪ್ ಆರನೆಯ ಪೌಲರು 22 ಕ್ಯಾಥೊಲಿಕರಿಗೆ ಸಂತ ಪದವಿ ಕೊಟ್ಟಾಗ ಆಂಗ್ಲಿಕನ್ ರಕ್ತಸಾಕ್ಷಿಗಳನ್ನೂ ನೆನೆದರು. 2015ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ನಾಮುಗೊಂಗೊಗೆ ಬಂದಾಗ ಮೊದಲು ಹೋದದ್ದು ಆಂಗ್ಲಿಕನ್ನರ ಸ್ಮಾರಕಕ್ಕೆ. ಜೂನ್ 3 ಉಗಾಂಡದಲ್ಲಿ ಸರ್ಕಾರಿ ರಜೆ. ಲಕ್ಷಾಂತರ ಜನ ಅಲ್ಲಿಗೆ ಬರುತ್ತಾರೆ. ಕೀನ್ಯಾ, ಟಾಂಜಾನಿಯಾ, ರುವಾಂಡಗಳಿಂದ ವಾರಗಟ್ಟಲೆ ಕಾಲ್ನಡಿಗೆಯಲ್ಲಿ ಬರುವವರೂ ಇದ್ದಾರೆ.

◆ ಸುಟ್ಟವನೂ ಕೊನೆಗೆ ಅದೇ ಸಭೆಗೆ ಸೇರಿದ ಎಂದರೆ ನಂಬುತ್ತೀರಾ? ಮ್ವಾಂಗ ಬ್ರಿಟಿಷರ ಮೇಲೆ ಬಂಡೆದ್ದು, ಸಿಕ್ಕಿಬಿದ್ದು, ಸೇಶೆಲ್ಸ್ ದ್ವೀಪಕ್ಕೆ ಗಡೀಪಾರಾದ. ಅಲ್ಲಿ ದಾನಿಯೇರಿ, ಅಂದರೆ ದಾನಿಯೇಲ, ಎಂಬ ಹೆಸರಿನಲ್ಲಿ ಆಂಗ್ಲಿಕನ್ ದೀಕ್ಷಾಸ್ನಾನ ಪಡೆದು 1903ರಲ್ಲಿ ಸತ್ತ. ಅವನ ಜೊತೆ ಗಡೀಪಾರಾಗಿದ್ದ, ಬ್ರಿಟಿಷರಿಗೆ ವರ್ಷಗಟ್ಟಲೆ ಬಗ್ಗದೆ ಕಾದಾಡಿದ್ದ ಬುನ್ಯೋರೊದ ರಾಜ ಕಬಲೇಗನೂ ಅಲ್ಲಿಯೇ ದೀಕ್ಷೆ ಪಡೆದ.

◆ ಧರ್ಮದ ಹೆಸರಿನಲ್ಲಿ ಯುದ್ಧವೂ ಆಯಿತು, ಅದನ್ನು ಮುಚ್ಚಿಡುವಂತಿಲ್ಲ. ಕ್ಯಾಥೊಲಿಕರನ್ನು ‘ಫ್ರೆಂಚರು’, ಆಂಗ್ಲಿಕನ್ನರನ್ನು ‘ಇಂಗ್ಲಿಷರು’ ಎಂದು ಕರೆಯುವಷ್ಟು ಎರಡೂ ಪಂಗಡ ರಾಜಕೀಯದಲ್ಲಿ ಮುಳುಗಿದ್ದವು. 1892ರ ಜನವರಿಯಲ್ಲಿ ಮೆಂಗೊ ಗುಡ್ಡದಲ್ಲಿ ಎರಡೂ ಕಡೆಯವರು ಬಂದೂಕು ಹಿಡಿದು ಬಡಿದಾಡಿದರು. ಅಲ್ಲಿ ನೆಲೆಯೂರಿದ್ದ ಬ್ರಿಟಿಷ್ ವ್ಯಾಪಾರಿ ಕಂಪನಿಯ ಅಧಿಕಾರಿ ಲುಗಾರ್ಡ್ ಮ್ಯಾಕ್ಸಿಮ್ ಮಷೀನ್‌ಗನ್ನಿನೊಂದಿಗೆ ಪ್ರೊಟೆಸ್ಟೆಂಟರ ಪಕ್ಕ ನಿಂತ. ಅದಕ್ಕೂ ಮುನ್ನ, ಖರ್ಚು ತಾಳದೆ ಕಂಪನಿ ಉಗಾಂಡ ಬಿಟ್ಟು ಹೊರಡಲು ಸಿದ್ಧವಾದಾಗ, ಮಿಷನ್ನಿನ ಬೆಂಬಲಿಗರು ಇಂಗ್ಲೆಂಡಿನಲ್ಲಿ ಚಂದಾ ಎತ್ತಿ ಅದನ್ನು ಅಲ್ಲೇ ಉಳಿಸಿಕೊಂಡಿದ್ದರು. 1894ರಲ್ಲಿ ಬ್ರಿಟಿಷ್ ಆಡಳಿತ ಘೋಷಣೆಯಾಯಿತು. ಸಭೆ ಮತ್ತು ಸಾಮ್ರಾಜ್ಯ ಕೈ ಹಿಡಿದು ಒಳಗೆ ಬಂದವು, ಮುಂದೆ ಎಷ್ಟೋ ಕಾಲ ದೊಡ್ಡ ಮುಖ್ಯಸ್ಥರ ಹುದ್ದೆಗಳಲ್ಲಿ ಪ್ರೊಟೆಸ್ಟೆಂಟರಿಗೇ ಸಿಂಹಪಾಲು. ಈ ಕಹಿ ಸ್ವಾತಂತ್ರ್ಯದ ನಂತರದ ಪಕ್ಷ ರಾಜಕಾರಣದಲ್ಲೂ ಉಳಿಯಿತು.

◆ ಮೂರನೆಯ ಬಿಷಪ್ ಆಲ್ಫ್ರೆಡ್ ಟಕರ್ ಚಿತ್ರಕಾರರು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅವರ ಚಿತ್ರಗಳು ಪ್ರದರ್ಶನಗೊಂಡಿದ್ದವು. 1893ರಲ್ಲಿ ಅವರು ಆರು ಮಂದಿ ಗಾಂಡರನ್ನು ಡೀಕನ್ ಪದವಿಗೆ ಏರಿಸಿದರು. ಸತ್ಯವೇದ ಅನುವಾದಿಸಿದ ಡುಟ ಅವರಲ್ಲೊಬ್ಬರು. ಟಕರ್ ಅವರ ದೊಡ್ಡ ಹೋರಾಟ ನಡೆದದ್ದು ತಮ್ಮ ಜನರೊಡನೆಯೇ. ಮಿಷನರಿಗಳೂ ಆಫ್ರಿಕನ್ನರೂ ಒಂದೇ ಸಭೆಯಲ್ಲಿ, ಒಂದೇ ನಿಯಮದ ಕೆಳಗೆ, ಸರಿಸಮವಾಗಿ ಇರಬೇಕು ಎಂದು ಅವರು 1897ರಲ್ಲಿ ಕರಡು ಮುಂದಿಟ್ಟರು. ಆಫ್ರಿಕನ್ನರ ಬಹುಮತದ ಕೆಳಗೆ ತಾವಿರುವುದೆ ಎಂದು ಬಿಳಿಯ ಮಿಷನರಿಗಳು ತಿರುಗಿಬಿದ್ದರು. ವರ್ಷಗಟ್ಟಲೆ ಜಗ್ಗಾಟ ನಡೆದು 1909ರಲ್ಲಿ ಒಂದು ಸಂವಿಧಾನ ಜಾರಿಗೆ ಬಂತು. ಆದರೆ ಮಿಷನರಿಗಳನ್ನು ಅದರ ಅಧೀನಕ್ಕೆ ತರುವ ಟಕರ್ ಅವರ ಆಸೆ ಪೂರ್ತಿ ಈಡೇರಲಿಲ್ಲ. ಮೊದಲ ಆಫ್ರಿಕನ್ ಬಿಷಪ್ ಆಗಿ ಅಬೇರಿ ಬಲ್ಯ ಅಭಿಷಿಕ್ತರಾದದ್ದು 1947ರಲ್ಲಿ! ಅಷ್ಟು ತಡ ಆಗಬಾರದಿತ್ತು.

◆ 1895ರಲ್ಲಿ ಐವರು ಮಹಿಳಾ ಮಿಷನರಿಗಳು ಕರಾವಳಿಯಿಂದ ಬುಗಾಂಡದವರೆಗೆ ನೂರಾರು ಮೈಲಿ ಬಂದರು. ಆಗ ರೈಲು ಇರಲಿಲ್ಲ. ಮೊಂಬಾಸದಿಂದ ಸರೋವರಕ್ಕೆ ರೈಲು ಬಂದದ್ದು 1901ರಲ್ಲಿ, ಆ ಹಳಿ ಹಾಕಿದವರು ಭಾರತದಿಂದ ಹೋದ ಸಾವಿರಾರು ಕೂಲಿಕಾರರು. 1905ರಲ್ಲಿ ಗಯಾಜದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಿತು, ಇಂದಿಗೂ ಅದು ಉಗಾಂಡದ ಹೆಸರಾಂತ ಶಾಲೆ. ಮರುವರ್ಷ ಕಬಾಕರ ಪಟ್ಟಾಭಿಷೇಕ ನಡೆಯುವ ಬುಡೊ ಗುಡ್ಡದ ಮೇಲೆ ಕಿಂಗ್ಸ್ ಕಾಲೇಜ್ ಬಂತು. ಮುಕೊನೊದ ಪಾದ್ರಿ ತರಬೇತಿ ಶಾಲೆಯೇ 1997ರಲ್ಲಿ ಉಗಾಂಡ ಕ್ರಿಶ್ಚಿಯನ್ ವಿಶ್ವವಿದ್ಯಾಲಯವಾಯಿತು.

◆ ಮೆಂಗೊ ಆಸ್ಪತ್ರೆ ಶುರುವಾದದ್ದು 1897ರಲ್ಲಿ, ಡಾ. ಆಲ್ಬರ್ಟ್ ಕುಕ್ ಮತ್ತು ನರ್ಸ್ ಕ್ಯಾಥರೀನ್ ಟಿಂಪ್ಸನ್ ಅವರಿಂದ. ಮೂರು ವರ್ಷದ ಮೇಲೆ ಇಬ್ಬರೂ ಮದುವೆಯಾದರು. 1901ರಲ್ಲಿ ಆಲ್ಬರ್ಟ್ ಮತ್ತು ಅವರ ತಮ್ಮ ಜಾಕ್, ರೋಗಿಗಳಲ್ಲಿ ಹೊಸದೊಂದು ಕಾಯಿಲೆ ಗುರುತಿಸಿದರು. ಅದು ನಿದ್ರಾರೋಗ. ಸರೋವರದ ದಡದುದ್ದಕ್ಕೂ ಆ ಪಿಡುಗು ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ತಿಂದುಹಾಕಿತು. ಕ್ಯಾಥರೀನ್ ಅವರ ಮುತುವರ್ಜಿಯಿಂದ ದೇಶದ ಮೊದಲ ಸೂಲಗಿತ್ತಿ ತರಬೇತಿ ಶಾಲೆ ನಡೆಯಿತು. ಇಡೀ ಪೂರ್ವ ಆಫ್ರಿಕದಲ್ಲಿ ಹೆರಿಗೆ ವೈದ್ಯಕೀಯಕ್ಕೆ ಆ ಶಾಲೆ ಮಾಡಿದ ಸೇವೆ ಸಣ್ಣದಲ್ಲ.

◆ ಉಗಾಂಡದ ಹತ್ತಿಗೂ ಈ ಸಭೆಗೂ ನಂಟಿದೆ. ಮಿಷನ್ನಿನ ಕೈಕಸುಬು ವಿಭಾಗದಿಂದಲೇ 1903ರಲ್ಲಿ ಉಗಾಂಡ ಕಂಪನಿ ಹುಟ್ಟಿತು. ಬೀಜ ತರಿಸಿ ಮುಖ್ಯಸ್ಥರ ಮೂಲಕ ರೈತರಿಗೆ ಹಂಚಿತು. ಕೆಲವೇ ವರ್ಷಗಳಲ್ಲಿ ಹತ್ತಿ ದೇಶದ ಮುಖ್ಯ ರಫ್ತಾಯಿತು. ಮುಂದೆ ಜಿನ್ನಿಂಗ್ ವ್ಯವಹಾರ ಬಹುಪಾಲು ಗುಜರಾತಿ ವ್ಯಾಪಾರಿಗಳ ಕೈಗೆ ಬಂತು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ದೇಶ ಬಿಡಿಸಿದ್ದು ಆ ಭಾರತೀಯ ಮೂಲದ ಜನರನ್ನೇ.

◆ ನಾಮಿರೆಂಬೆ ಗುಡ್ಡದ ಕೆಥೆಡ್ರಲ್ ಕಟ್ಟಿ ಕಟ್ಟಿ ಬಿದ್ದದ್ದು. ಒಂದನ್ನು 1894ರಲ್ಲಿ ಬಿರುಗಾಳಿ ಕೆಡವಿತು. 1904ರಲ್ಲಿ ಪ್ರತಿಷ್ಠೆಯಾದ ಇಟ್ಟಿಗೆ ಕಟ್ಟಡ, ಊರ ಮುಖ್ಯಸ್ಥರೂ ಜನರ ಜೊತೆ ಮಣ್ಣು ಇಟ್ಟಿಗೆ ಹೊತ್ತು ಎಬ್ಬಿಸಿದ್ದು, 1910ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. ಈಗಿರುವುದು 1919ರಲ್ಲಿ ಪ್ರತಿಷ್ಠೆಯಾದದ್ದು. ಆರಾಧನೆಗೆ ಜನರನ್ನು ಕರೆಯಲು ಅಲ್ಲಿ ಘಂಟೆಯಲ್ಲ, ನಗಾರಿ ಬಾರಿಸುತ್ತಿದ್ದರು.

◆ ಅಪೊಲೊ ಕಿವೆಬುಲಾಯ ಎಂಬ ಹೆಸರು ಕೇಳಿದ್ದೀರಾ? ಕೇಳಿಲ್ಲದಿದ್ದರೆ ಇಂದು ನೆನಪಿಟ್ಟುಕೊಳ್ಳಿ. ಬುಗಾಂಡದ ಈ ಉಪದೇಶಿ 1890ರ ದಶಕದಲ್ಲಿ ಪಶ್ಚಿಮದ ಟೊರೊ ಸೀಮೆಗೆ, ಅಲ್ಲಿಂದ ಇಂದಿನ ಕಾಂಗೋದ ಅಂಚಿನ ಬೊಗಕ್ಕೆ ನಡೆದರು. ಅಲ್ಲಿನ ಮುಖ್ಯಸ್ಥ ತಬಾರೊಗೆ ಇವರನ್ನು ಕಂಡರಾಗದು. ಅವನ ಸೋದರಿ ಆಕಸ್ಮಿಕವಾಗಿ ಈಟಿಯ ಮೇಲೆ ಬಿದ್ದು ಸತ್ತಾಗ ಆ ಸಾವನ್ನು ಅಪೊಲೊ ತಲೆಗೆ ಕಟ್ಟಿದರು. ಹೊಡೆದರು, ಸಂಕೋಲೆ ಹಾಕಿ ಟೊರೊದ ಸೆರೆಗೆ ಕಳಿಸಿದರು. ಬಿಡುಗಡೆಯಾದ ಮೇಲೆ ಅವರು ಮತ್ತೆ ಹೋದದ್ದು ಅದೇ ಬೊಗಕ್ಕೆ. ಮುಂದೆ ತಬಾರೊನೇ ದೀಕ್ಷೆ ಪಡೆದ.

1903ರಲ್ಲಿ ಪಾದ್ರಿಯಾದರು. ಮದುವೆಯಾಗಲಿಲ್ಲ. ಮುಪ್ಪಿನಲ್ಲೂ ಇತೂರಿ ಕಾಡಿನ ಪಿಗ್ಮಿ ಜನರ ನಡುವೆ ಓಡಾಡಿ ಅವರ ನುಡಿಗೆ ಮಾರ್ಕನ ಸುವಾರ್ತೆಯನ್ನು ತಂದರು. ತನ್ನನ್ನು ಹೂಳುವಾಗ ತವರಾದ ಬುಗಾಂಡದ ಕಡೆಗಲ್ಲ, ಪಶ್ಚಿಮದ ಕಾಡಿನ ಕಡೆಗೆ ತಲೆಯಿಡಿ ಎಂದು ಹೇಳಿದ್ದರು. ಅಲ್ಲಿ ಕೆಲಸ ಇನ್ನೂ ಬಾಕಿ ಎಂಬುದು ಅವರ ಮನಸ್ಸು. 1933ರ ಮೇ 30ರಂದು ತೀರಿಕೊಂಡರು. ಇಂದಿನ ಕಾಂಗೋದ ಆಂಗ್ಲಿಕನ್ ಸಭೆಗೆ ಮೂಲಪುರುಷ ಇವರೇ.

◆ ಸಭೆ ಬಿಟ್ಟು ಹೊರಟವರ ಕಥೆಗಳೂ ಸ್ವಾರಸ್ಯವಾಗಿವೆ. ಪ್ರೊಟೆಸ್ಟೆಂಟ್ ದಂಡನಾಯಕ ಸೆಮೆಯಿ ಕಕುಂಗುಲು ಬ್ರಿಟಿಷರಿಗೆ ಪೂರ್ವದ ಸೀಮೆ ಗೆದ್ದುಕೊಟ್ಟ, ಅವರು ಕೈಬಿಟ್ಟಾಗ ಮುನಿದ, ಔಷಧಿಯನ್ನೇ ನಿರಾಕರಿಸುವ ಮಲಾಕಿ ಪಂಥಕ್ಕೆ ಸೇರಿದ. ಹಳೆಯ ಒಡಂಬಡಿಕೆ ಓದುತ್ತ ಓದುತ್ತ 1919ರಲ್ಲಿ ಸುನ್ನತಿ ಮಾಡಿಸಿಕೊಂಡು ಯೆಹೂದಿಯಾದ. ಎಂಬಾಲೆ ಸುತ್ತಿನ ‘ಅಬಯುದಾಯ’ ಯೆಹೂದಿ ಸಮುದಾಯ ಅವನಿಂದ ಬೆಳೆದದ್ದು. ಇನ್ನೊಬ್ಬ ಆಂಗ್ಲಿಕನ್, ರೂಬೆನ್ ಸ್ಪಾರ್ಟಸ್ ಮುಕಾಸ, 1929ರಲ್ಲಿ ಆರ್ಥೊಡಾಕ್ಸ್ ಸಭೆ ಹೂಡಿದರು.

◆ ಹೊರಹೋಗದೆ ಒಳಗಿನಿಂದಲೇ ಸಭೆಯನ್ನು ಕಲಕಿದವರು ‘ಬಲೊಕೊಲೆ’ಗಳು, ಅಂದರೆ ರಕ್ಷಣೆ ಹೊಂದಿದವರು. 1929ರಲ್ಲಿ ನಾಮಿರೆಂಬೆ ಗುಡ್ಡದ ಮೇಲೆ ರುವಾಂಡದ ಗಹಿನಿಯಲ್ಲಿದ್ದ ಡಾ. ಜೋ ಚರ್ಚ್ ಮತ್ತು ಗಾಂಡ ಗೃಹಸ್ಥ ಸಿಮೆಯೊನಿ ಎನ್ಸಿಬಾಂಬಿ ಒಟ್ಟಿಗೆ ಕುಳಿತು ಪ್ರಾರ್ಥಿಸಿದ್ದರಿಂದ ಮೊದಲಾದ ಈ ಜಾಗೃತಿ ಪೂರ್ವ ಆಫ್ರಿಕವನ್ನೆಲ್ಲ ಮುಟ್ಟಿತು. ಕದ್ದದ್ದನ್ನು ಹಿಂದಿರುಗಿಸುವುದು, ತಪ್ಪನ್ನು ಹತ್ತು ಜನರ ಎದುರು ಒಪ್ಪಿಕೊಳ್ಳುವುದು, ಬಿಳಿಯ ಮಿಷನರಿ ಕರಿಯ ಸಹೋದರನ ಮುಂದೆ ತನ್ನ ಅಹಂಕಾರ ಹೇಳಿಕೊಳ್ಳುವುದು ಇವರ ಪದ್ಧತಿ. 1941ರಲ್ಲಿ ಮುಕೊನೊ ಕಾಲೇಜು ವಿಲಿಯಂ ನಗೆಂಡ ಸೇರಿ 26 ಮಂದಿ ವಿದ್ಯಾರ್ಥಿಗಳನ್ನು ಹೊರಹಾಕಿತು. ಅವರು ಬೇರೆ ಸಭೆ ಕಟ್ಟಲಿಲ್ಲ. ಇಂದು ಈ ಸಭೆಯ ಗುಣಸ್ವಭಾವ ಬಹುಮಟ್ಟಿಗೆ ಆ ಬಲೊಕೊಲೆಗಳದ್ದೇ.

◆ ನಮ್ಮ ಸಿಎಸ್‌ಐ ಸಭೆಗಳಿಗೂ ಉಗಾಂಡಕ್ಕೂ ನೇರ ಕೊಂಡಿಯೊಂದಿದೆ. 1961ರಲ್ಲಿ ಉಗಾಂಡ, ರುವಾಂಡ, ಬುರುಂಡಿ ಒಟ್ಟಾಗಿ ಸ್ವತಂತ್ರ ಆಂಗ್ಲಿಕನ್ ಪ್ರಾಂತವಾದಾಗ ಮೊದಲ ಆರ್ಚ್‌ಬಿಷಪ್ ಆದ ಲೆಸ್ಲಿ ಬ್ರೌನ್ ಅದಕ್ಕೂ ಮೊದಲು ಕೇರಳದಲ್ಲಿ ಪಾದ್ರಿಗಳಿಗೆ ಪಾಠ ಹೇಳುತ್ತಿದ್ದವರು. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದವರು ಕೂಡಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆದಾಗ ಎಲ್ಲರಿಗೂ ಒಪ್ಪುವ ಆರಾಧನಾ ಕ್ರಮ ಬರೆಯುವ ಸಮಿತಿಯ ಸಂಚಾಲಕರು ಅವರೇ. 1950ರಲ್ಲಿ ಮದರಾಸಿನಲ್ಲಿ ಮೊದಲು ಬಳಕೆಗೆ ಬಂದ ಆ ಪ್ರಭುಭೋಜನ ಕ್ರಮದ ಬಳುವಳಿ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಸೇರಿದಂತೆ ಕರ್ನಾಟಕದ ಸಿಎಸ್‌ಐ ಸಭೆಗಳಿಗೂ ಬಂದಿದೆ.

ಬ್ರೌನ್ ಉಗಾಂಡಕ್ಕೆ ಬಂದ 1953ರಲ್ಲೇ ಗವರ್ನರ್ ಕೋಹೆನ್ ಕಬಾಕ ಎರಡನೆಯ ಮುತೇಸನನ್ನು ಗಡೀಪಾರು ಮಾಡಿದ. ಬಿಷಪ್ಪರೂ ಶಾಮೀಲು ಎಂದು ಗಾಂಡರು ಸಿಟ್ಟಿಗೆದ್ದರು. ಬ್ರೌನ್ ನಂತರ 1966ರಲ್ಲಿ ಎರಿಕ ಸಬಿಟಿ ಮೊದಲ ಉಗಾಂಡನ್ ಆರ್ಚ್‌ಬಿಷಪ್ ಆದರು. ಅವರು ಪಶ್ಚಿಮದ ಅಂಕೋಲೆಯವರು ಎಂಬ ಕಾರಣಕ್ಕೆ ಬುಗಾಂಡದವರು ಅವರೊಡನೆ ವರ್ಷಗಟ್ಟಲೆ ಕಚ್ಚಾಡಿದರು. ಆ ಜಗಳ ಬಿಡಿಸಲು ಮಧ್ಯೆ ಬಂದವನು, ವಿಧಿಯೇ, ಇದಿ ಅಮೀನ್!

◆ 1977ರ ಫೆಬ್ರವರಿ 5. ರಾತ್ರಿ ಒಂದೂವರೆ ಗಂಟೆ. ಕಂಪಾಲದಲ್ಲಿ ಆರ್ಚ್‌ಬಿಷಪ್ ಜನಾನಿ ಲುವುಮ್ ಅವರ ಮನೆಗೆ ಸೈನಿಕರು ನುಗ್ಗಿದರು. ಆಯುಧ ಬಚ್ಚಿಟ್ಟಿದ್ದೀರಿ ಎಂಬ ಆರೋಪ. ಮಂಚದ ಕೆಳಗೆ ನೋಡಿದರು, ಪ್ರಾರ್ಥನಾ ಕೋಣೆಯ ಪವಿತ್ರ ಮೇಜಿನ ಕೆಳಗೂ ನೋಡಿದರು. ಉಗ್ರಾಣದಲ್ಲಿ ಎಳ್ಳು, ಕಿರುಧಾನ್ಯ, ಶೇಂಗಾ, ಮೆಕ್ಕೆಜೋಳದ ಚೀಲಗಳೊಳಗೆ ಕೈಹಾಕಿ ತಡಕಿದರು. ಏನೂ ಸಿಗಲಿಲ್ಲ.

ಲುವುಮ್ ಉತ್ತರದ ಅಚೋಲಿ ಸೀಮೆಯ ಮುಚ್ವಿನಿಯವರು, 1922ರಲ್ಲಿ ಹುಟ್ಟಿದರು. ಶಾಲಾ ಮಾಸ್ತರರಾಗಿದ್ದಾಗ ಬಲೊಕೊಲೆ ಆದವರು. 1974ರಲ್ಲಿ ಆರ್ಚ್‌ಬಿಷಪ್ ಆದಾಗಿನಿಂದ, ಕಾಣೆಯಾದವರ ಮನೆಯವರ ಪರವಾಗಿ ಅಮೀನನ ಕಚೇರಿಗೆ ಹೋಗಿ ಕೇಳುತ್ತಿದ್ದರು. ಮನೆ ಜಾಲಾಡಿದ ಮೇಲೆ, ಫೆಬ್ರವರಿ 10ರಂದು ಬಿಷಪ್ಪರೆಲ್ಲ ಒಟ್ಟಾಗಿ ಅಮೀನನಿಗೆ ಪತ್ರ ಬರೆದರು. ಜನರನ್ನು ಕಾಯಬೇಕಾದ ಬಂದೂಕು ಜನರ ಮೇಲೇ ತಿರುಗಿದೆ ಎಂಬ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಕಾಲದ ಉಗಾಂಡದಲ್ಲಿ ಅಂಥದ್ದಕ್ಕೆ ಸಹಿ ಹಾಕುವುದೆಂದರೆ ಏನೆಂದು ಸಹಿ ಹಾಕಿದ ಪ್ರತಿಯೊಬ್ಬರಿಗೂ ಗೊತ್ತಿತ್ತು.

16ರಂದು ಬಿಷಪ್ಪರನ್ನು ನೈಲ್ ಮ್ಯಾನ್ಶನ್ಸ್ ಹೋಟೆಲಿನ ಅಂಗಳಕ್ಕೆ ಕರೆಸಿದರು. ಹರಡಿಟ್ಟ ಬಂದೂಕುಗಳು, ಸುತ್ತ ಸೈನಿಕರು, ಕೊಲ್ಲಿ ಎಂಬ ಕೂಗು. ಉಳಿದವರನ್ನು ಕಳಿಸಿ ಲುವುಮ್ ಒಬ್ಬರನ್ನು ಉಳಿಸಿಕೊಂಡರು. ಮರುದಿನ ರೇಡಿಯೊ ಸುದ್ದಿ: ಆರ್ಚ್‌ಬಿಷಪ್ ಹಾಗೂ ಇಬ್ಬರು ಮಂತ್ರಿಗಳು ಕಾರು ಅಪಘಾತದಲ್ಲಿ ಸತ್ತರು. ಶವಪೆಟ್ಟಿಗೆ ಮುಚ್ವಿನಿಗೆ ಬಂದಾಗ ಊರವರು ತೆರೆದು ನೋಡಿದರು, ಮೈಮೇಲೆ ಗುಂಡಿನ ಗಾಯಗಳಿದ್ದವು. ಕಂಪಾಲದಲ್ಲಿ ಹ್ಯಾನಿಂಗ್ಟನ್ ಸಮಾಧಿಯ ಬಳಿ ಇವರಿಗಾಗಿ ತೋಡಿದ್ದ ಗುಂಡಿ ಖಾಲಿ ಉಳಿಯಿತು. ಸರ್ಕಾರ ಶ್ರದ್ಧಾಂಜಲಿ ಸಭೆಯನ್ನು ನಿಷೇಧಿಸಿದ್ದರೂ ಸಾವಿರಾರು ಜನ ನಾಮಿರೆಂಬೆ ಗುಡ್ಡ ಹತ್ತಿ ಆ ಗುಂಡಿಯ ಸುತ್ತ ನಿಂತು ಹಾಡಿದರು. ಅದೇ ವರ್ಷದ ಜೂನಿನಲ್ಲಿ ಸಭೆಯ ಶತಮಾನೋತ್ಸವವೂ ನಡೆಯಿತು. ಲುವುಮ್ ಜಾಗಕ್ಕೆ ಬಂದ ಸಿಲ್ವಾನಸ್ ವಾನಿ ಅಮೀನನ ಕುಲದವರೇ, ಕಾಕ್ವಾ ಜನ.

ಬಿಷಪ್ ಫೆಸ್ಟೊ ಕಿವೆಂಗೆರೆ ಹೆಂಡತಿಯೊಡನೆ ರಾತ್ರೋರಾತ್ರಿ ಗುಡ್ಡ ಹತ್ತಿಳಿದು ರುವಾಂಡಕ್ಕೆ ಪಾರಾದರು. ಅಮೀನನನ್ನು ತಾನು ದ್ವೇಷಿಸುವುದಿಲ್ಲ ಎಂದು ಪುಸ್ತಕವನ್ನೇ ಬರೆದರು. ಮರಳಿ ಬಂದ ಮೇಲೆ 1983ರಲ್ಲಿ ಮಹಿಳೆಯರಿಗೆ ಪಾದ್ರಿ ದೀಕ್ಷೆ ಕೊಟ್ಟರು. ಇಂಗ್ಲೆಂಡಿನ ಸಭೆ ಆ ಹೆಜ್ಜೆ ಇಡಲು ಇನ್ನೂ ಹತ್ತು ವರ್ಷ ಬೇಕಾಯಿತು. ಅಮೀನನ ಕಾಲದಲ್ಲಿ ದೇಶ ಬಿಟ್ಟ ಇನ್ನೊಬ್ಬ ತರುಣ ವಕೀಲ ಜಾನ್ ಸೆಂಟಮು, ಲುವುಮ್ ಕೊಲೆಯ ನಂತರ ಪಾದ್ರಿಯಾಗಲು ನಿಶ್ಚಯಿಸಿ, 2005ರಲ್ಲಿ ಯಾರ್ಕಿನ ಆರ್ಚ್‌ಬಿಷಪ್ ಆದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಪಶ್ಚಿಮ ಬಾಗಿಲ ಮೇಲೆ 1998ರಲ್ಲಿ ನಿಲ್ಲಿಸಿದ 20ನೆಯ ಶತಮಾನದ ಹತ್ತು ರಕ್ತಸಾಕ್ಷಿಗಳ ಶಿಲ್ಪಗಳಲ್ಲಿ ಲುವುಮ್ ಒಬ್ಬರು.

◆ 1992ರಲ್ಲಿ ತನಗೆ ಎಚ್‌ಐವಿ ಇದೆ ಎಂದು ಬಹಿರಂಗವಾಗಿ ಹೇಳಿದ ಆಫ್ರಿಕದ ಮೊದಲ ಧರ್ಮಗುರು ಈ ಸಭೆಯ ಪಾದ್ರಿ ಗಿಡಿಯೊನ್ ಬ್ಯಾಮುಗಿಶ. ರೋಗದ ಜೊತೆಗೆ ನಾಚಿಕೆಯೂ ಜನರನ್ನು ಕೊಲ್ಲುತ್ತಿದ್ದ ಕಾಲ ಅದು.

◆ ಜೋಸೆಫ್ ಕೋನಿಯ ಬಂಡುಕೋರರು ಮಕ್ಕಳನ್ನು ಕದ್ದೊಯ್ಯುತ್ತಿದ್ದ ವರ್ಷಗಳಲ್ಲಿ ಉತ್ತರದ ಹಳ್ಳಿಮಕ್ಕಳು ಪ್ರತಿ ಸಂಜೆ ಗುಲು ಪಟ್ಟಣಕ್ಕೆ ನಡೆದುಬಂದು ಬೀದಿಯಲ್ಲಿ ಮಲಗುತ್ತಿದ್ದರು. 2003ರಲ್ಲಿ ಆಂಗ್ಲಿಕನ್ ಬಿಷಪ್ ಬೇಕರ್ ಓಚೊಲ, ಕ್ಯಾಥೊಲಿಕ್ ಆರ್ಚ್‌ಬಿಷಪ್ ಒಡಾಮ ಮತ್ತಿತರ ಧರ್ಮಮುಖಂಡರು ಆ ಮಕ್ಕಳ ಜೊತೆ ಬೀದಿಯಲ್ಲೇ ಕೆಲವು ರಾತ್ರಿ ಮಲಗಿದರು. ಓಚೊಲ ಅವರ ಮಗಳು ಆ ಯುದ್ಧದಲ್ಲಿ ಬಲಿಯಾಗಿದ್ದಳು, ಹೆಂಡತಿ 1997ರಲ್ಲಿ ನೆಲಬಾಂಬಿಗೆ ಬಲಿಯಾಗಿದ್ದರು. ಆದರೂ ಅವರು ಕೇಳಿದ್ದು ಮಾತುಕತೆ ಮತ್ತು ಕ್ಷಮೆ.

◆ ಈಗಿನ ಸಂಗತಿ. ಸಲಿಂಗ ಸಂಬಂಧದ ಪ್ರಶ್ನೆಯಲ್ಲಿ ಪಾಶ್ಚಾತ್ಯ ಆಂಗ್ಲಿಕನ್ನರೊಡನೆ ಮುರಿದುಕೊಂಡು ಉಗಾಂಡದ ಬಿಷಪ್ಪರು ಜಗತ್ತಿನ ಆಂಗ್ಲಿಕನ್ ಬಿಷಪ್ಪರೆಲ್ಲ ಸೇರುವ ಲ್ಯಾಂಬೆತ್ ಸಮ್ಮೇಳನಕ್ಕೆ 2008ರಲ್ಲೂ 2022ರಲ್ಲೂ ಹೋಗಲಿಲ್ಲ. 2023ರಲ್ಲಿ ಉಗಾಂಡ ಸರ್ಕಾರ ಸಲಿಂಗಿಗಳ ವಿರುದ್ಧ ಕಠಿಣ ಕಾನೂನು ತಂದಾಗ ಆರ್ಚ್‌ಬಿಷಪ್ ಸ್ಟೀಫನ್ ಕಜಿಂಬ ಸ್ವಾಗತಿಸಿದರು. ಮರಣದಂಡನೆ ಬೇಡ, ಜೀವಾವಧಿ ಸಾಕು ಎಂದರು. ಕ್ಯಾಂಟರ್‌ಬರಿಯ ಆಗಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಬೆಂಬಲ ಹಿಂತೆಗೆಯಿರಿ ಎಂದು ಪತ್ರ ಬರೆದರು. ಬೋಧನೆ ಏನಿರಬೇಕೆಂದು ತೀರ್ಮಾನಿಸುವ ಹಕ್ಕು ಆ ಸಭೆಯದ್ದು. ಆದರೆ ಪೊಲೀಸು ಸೆರೆಮನೆಗಳ ಬಲ ಬಡವರ ಮೇಲೆ ಹೇಗೆ ಬೀಳುತ್ತದೆ ಎಂದು ಲುವುಮ್ ಕಾಲದಲ್ಲಿ ಕಂಡುಂಡ ಸಭೆ, ಜನರನ್ನು ಆಜೀವ ಸೆರೆಗೆ ಹಾಕುವ ಕಾನೂನಿನ ಹಿಂದೆ ನಿಂತದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

◆ ಫೆಬ್ರವರಿ 16 ‘ಆರ್ಚ್‌ಬಿಷಪ್ ಜನಾನಿ ಲುವುಮ್ ದಿನ’. 2015ರಿಂದ ಉಗಾಂಡದಲ್ಲಿ ಅಂದು ಸರ್ಕಾರಿ ರಜೆ, ಮುಚ್ವಿನಿಯ ಸಮಾಧಿಗೆ ಜನ ಹೋಗುತ್ತಾರೆ. ಲೆಸ್ಲಿ ಬ್ರೌನ್ ತಿದ್ದಿಕೊಟ್ಟ ಆರಾಧನಾ ಕ್ರಮದ ಬಳುವಳಿಯಲ್ಲಿ ಪ್ರಾರ್ಥಿಸುವ ನಮ್ಮ ಕನ್ನಡ ಸಭೆಗಳು ಮುಂದಿನ ಫೆಬ್ರವರಿ 16ರ ಪ್ರಾರ್ಥನೆಯಲ್ಲಿ ಲುವುಮ್ ಹೆಸರನ್ನೂ, ಜೂನ್ 3ರಂದು ನಾಮುಗೊಂಗೊದ ಆ ಹುಡುಗರ ಹೆಸರುಗಳನ್ನೂ ಓದಲಿ ಎಂದು ಕೇಳಿಕೊಳ್ಳುತ್ತೇನೆ.